ಕೀಬೋರ್ಡಿನ ಗಾಂಧಾರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಬೆಳೆದವರ ಕಿವಿಗೆ ಎರಡು ಸದ್ದುಗಳು ಚಿರಪರಿಚಿತವಾಗಿವೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಅಲ್ಲಾಡಿಸಿದಾಗ, ಒಳಗಿನ ಕೊಬ್ಬರಿ ಚಿಪ್ಪಿಗೆ ಬಡಿದು ಹೊರಡುವ ಸದ್ದು ಒಂದು. ಜಾತ್ರೆಗೆ ಕೆಲವು ತಿಂಗಳಿರುವಾಗ, ಇರುಳು ಊಟವಾದ ಮೇಲೆ, ಪೌರಾಣಿಕ ನಾಟಕದ ಅಭ್ಯಾಸ ನಡೆಯುವ ಮನೆಯಿಂದ ಕೇಳಿಬರುವ ಹಾರ್ಮೋನಿಯಮ್ಮಿನ ಸದ್ದು ಇನ್ನೊಂದು. ಮೊದಲನೆಯದು ಇಂದಿಗೂ ಹಾಗೆಯೇ ಇದೆ. ಎರಡನೆಯದು ಮಾತ್ರ ಬದಲಾಗುತ್ತಿದೆ. ಹಾರ್ಮೋನಿಯಮ್ಮಿನ ಪಕ್ಕದಲ್ಲಿ, ಕೆಲವೆಡೆ ಅದರ ಸ್ಥಾನದಲ್ಲಿಯೇ, ವಿದ್ಯುನ್ಮಾನ ಕೀಬೋರ್ಡು ಬಂದು ಕುಳಿತಿದೆ.

ಹಾರ್ಮೋನಿಯಂ ಕೂಡ ಒಂದು ಕಾಲದಲ್ಲಿ ಹೊರಗಿನಿಂದ ಬಂದ ವಾದ್ಯವೇ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಲ್ಲಿ ರೂಪುಗೊಂಡ ಅದು ಭಾರತಕ್ಕೆ ಬಂದು, ಕಂಪನಿ ನಾಟಕಗಳ ಮೂಲಕ ಕನ್ನಡ ರಂಗಭೂಮಿಯಲ್ಲಿ ನೆಲೆಯೂರಿತು. ತುರುವೇಕೆರೆಗೆ ನೆರೆಯದಾದ ಗುಬ್ಬಿಯಲ್ಲಿ 1884ರಲ್ಲಿ ಸ್ಥಾಪನೆಗೊಂಡು, ಮುಂದೆ ಗುಬ್ಬಿ ವೀರಣ್ಣನವರ (1891–1972) ನೇತೃತ್ವದಲ್ಲಿ ನಾಡೆಲ್ಲ ಪ್ರಸಿದ್ಧವಾದ ನಾಟಕ ಸಂಸ್ಥೆಯನ್ನು ನಮ್ಮ ಜಿಲ್ಲೆಯ ಹಿರಿಯರು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ರಂಗದ ಮುಂದೆ ಕುಳಿತು, ಕಾಲಿನಿಂದ ತಿದಿಯನ್ನು ಒತ್ತುತ್ತ, ಎರಡು ಕೈಗಳಿಂದಲೂ ನುಡಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರೇ ಅಂದಿನ ನಾಟಕದ ಸೂತ್ರಧಾರರೆಂದರೂ ಸಲ್ಲುತ್ತದೆ. ಆ ಸ್ಥಾನಕ್ಕೆ ಈಗ ಬಂದಿರುವ ಹೊಸ ವಾದ್ಯ ಎಂಥದು? ಅದು ನುಡಿಯುವುದು ಹೇಗೆ? ಅದು ನುಡಿಯುವ ಗಾಂಧಾರ ನಮ್ಮ ಗಾಂಧಾರವೇ? ಈ ಪ್ರಶ್ನೆಗಳನ್ನು ಭೌತಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲ ನೋಟ

ಕೀಬೋರ್ಡುಗಳಲ್ಲಿ ಹಲವು ದರ್ಜೆಗಳಿವೆ. ಅವುಗಳಲ್ಲಿ ಮೇಲಿನ ದರ್ಜೆಯದಕ್ಕೆ ‘ಮ್ಯೂಸಿಕ್ ವರ್ಕ್‌ಸ್ಟೇಷನ್’ ಎಂದು ಹೆಸರು. ಸಂಗೀತದ ಕಾರ್ಯಾಗಾರವೆಂದು ಅದರ ಅರ್ಥ. ಹಲವು ವಾದ್ಯಗಳ ದನಿ, ನುಡಿಸಿದ್ದನ್ನು ನೆನಪಿಟ್ಟು ಮತ್ತೆ ನುಡಿಸುವ ಏರ್ಪಾಡು, ದನಿಗೆ ಮಾರ್ದನಿ ಮುಂತಾದ ಸಂಸ್ಕಾರಗಳನ್ನು ಕೊಡುವ ಸಾಧನ, ಇವೆಲ್ಲ ಒಂದೇ ಪೆಟ್ಟಿಗೆಯಲ್ಲಿ ಸೇರಿರುವುದೇ ಇದರ ವೈಶಿಷ್ಟ್ಯ. 1979ರಲ್ಲಿ ಆಸ್ಟ್ರೇಲಿಯದಲ್ಲಿ ತಯಾರಾದ ಫೇರ್‌ಲೈಟ್ ಎಂಬ ಯಂತ್ರದಲ್ಲಿ ಈ ಕಲ್ಪನೆಯ ಬೀಜವಿತ್ತು. ಅದರ ಬೆಲೆ ಮಾತ್ರ ಸಾಮಾನ್ಯ ಸಂಗೀತಗಾರನ ಕೈಗೆ ಎಟುಕುವಂತಿರಲಿಲ್ಲ. 1988ರಲ್ಲಿ ಜಪಾನಿನ ಕೊರ್ಗ್ ಸಂಸ್ಥೆ ಹೊರತಂದ ಎಂ-1 ಎಂಬ ಮಾದರಿಯಿಂದ ಈ ಬಗೆಯ ವಾದ್ಯ ಲೋಕದಲ್ಲೆಲ್ಲ ಹರಡಿತು.

ನಮ್ಮ ಸೀಮೆಯ ನಾಟಕದ ಮೇಷ್ಟ್ರೊಬ್ಬರು ಹೊಸದಾಗಿ ತರಿಸಿದ ಇಂಥದೊಂದು ವಾದ್ಯವನ್ನು ನಾಲ್ಕಾರು ಸಂಜೆ ಪರೀಕ್ಷಿಸಿ ನೋಡುವ ಅವಕಾಶ ಈ ಲೇಖಕನಿಗೆ ಒದಗಿತು. ಮೊದಲು ಎದ್ದು ಕಾಣುವುದು ಅದರಲ್ಲಿ ಇಲ್ಲದ ವಸ್ತು. ತಿದಿಯಿಲ್ಲ, ಗಾಳಿಯಿಲ್ಲ, ನಡುಗುವ ರೀಡಿಲ್ಲ. ಹಾರ್ಮೋನಿಯಮ್ಮಿನಲ್ಲಿ ತಿದಿ ಒತ್ತುವುದಕ್ಕೆ ಮೀಸಲಾಗಿದ್ದ ಎಡಗೈಗೆ ಇಲ್ಲಿ ಬೇರೆ ಕೆಲಸ ಹುಡುಕಬೇಕು. ಐದು ಸ್ಥಾಯಿಗಳಲ್ಲಿ ಹರಡಿದ 61 ಮನೆಗಳು, ಅಂಗೈಯಗಲದ ಒಂದು ಪರದೆ, ಎಡತುದಿಯಲ್ಲಿ ಹೆಬ್ಬೆರಳಿಗೆ ಸಿಗುವಂತೆ ಎರಡು ಚಕ್ರಗಳು, ಪರದೆಯ ಮೇಲೆ ನೂರಾರು ವಾದ್ಯಗಳ ಹೆಸರಿನ ಪಟ್ಟಿ, ಇವು ಕಣ್ಣಿಗೆ ಬೀಳುತ್ತವೆ. ಇನ್ನೊಂದು ಸಂಗತಿಯನ್ನು ನಮ್ಮ ಹಳ್ಳಿಗಳವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕರೆಂಟು ಹೋದರೆ ಹಾರ್ಮೋನಿಯಂ ನುಡಿಯುತ್ತಲೇ ಇರುತ್ತದೆ, ಇದು ಮೂಕವಾಗುತ್ತದೆ.

ಬೆರಳಿನ ಬಲವನ್ನು ಅಳೆಯುವ ಬಗೆ

ಹಾರ್ಮೋನಿಯಮ್ಮಿನ ಮನೆಯನ್ನು ಮೆಲ್ಲಗೆ ಒತ್ತಿದರೂ, ರಭಸದಿಂದ ಒತ್ತಿದರೂ ದನಿಯ ಗಟ್ಟಿತನ ಬದಲಾಗುವುದಿಲ್ಲ. ಅದನ್ನು ನಿರ್ಣಯಿಸುವುದು ತಿದಿಯ ಒತ್ತಡ. ಹೊಸ ವಾದ್ಯದಲ್ಲಿ ಮೆಲ್ಲಗೆ ಒತ್ತಿದರೆ ಮೆಲುದನಿ, ಬಲವಾಗಿ ಒತ್ತಿದರೆ ಗಟ್ಟಿದನಿ ಬರುತ್ತದೆ. ಹಾಗಾದರೆ ಯಂತ್ರ ಬಲವನ್ನು ಅಳೆಯುತ್ತಿದೆಯೆ? ಇಲ್ಲ, ಅದು ಅಳೆಯುವುದು ಕಾಲವನ್ನು.

ಪ್ರತಿಯೊಂದು ಮನೆಯ ಕೆಳಗೂ ಎರಡು ವಿದ್ಯುತ್ ಸಂಪರ್ಕಗಳಿರುತ್ತವೆ. ಮನೆ ಕೆಳಗಿಳಿಯುವಾಗ ಮೊದಲು ಒಂದು, ಅನಂತರ ಇನ್ನೊಂದು ಕೂಡಿಕೊಳ್ಳುತ್ತದೆ. ಇವೆರಡರ ನಡುವಣ ಅಂತರ 3 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಆ ಅಂತರವನ್ನು ದಾಟಲು 3 ಮಿಲಿಸೆಕೆಂಡು ಹಿಡಿದರೆ ಮನೆಯ ವೇಗ ಸೆಕೆಂಡಿಗೆ 1 ಮೀಟರ್; 30 ಮಿಲಿಸೆಕೆಂಡು ಹಿಡಿದರೆ ಅದರ ಹತ್ತನೆಯ ಒಂದು ಭಾಗ. ಯಂತ್ರವು ಈ ವೇಗಕ್ಕೆ 1ರಿಂದ 127ರವರೆಗಿನ ಒಂದು ಅಂಕವನ್ನು ಕೊಡುತ್ತದೆ. ಯಾವ ಮನೆ ಒತ್ತಲ್ಪಟ್ಟಿತು ಎಂಬುದಕ್ಕೂ ಒಂದು ಅಂಕ ಉಂಟು. ಈ ಅಂಕಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಕಳುಹಿಸುವ ರೀತಿಗೆ 1983ರಲ್ಲಿ ಹಲವು ತಯಾರಕರು ಕೂಡಿ ಒಂದು ಸಾಮಾನ್ಯ ನಿಯಮವನ್ನು ಒಪ್ಪಿಕೊಂಡರು. ಅದರ ಹೆಸರು ಮಿಡಿ.

ಮಿಡಿ ಸಂದೇಶದಲ್ಲಿ ನಾದವಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಪುಸ್ತಕದಲ್ಲಿ ಅಚ್ಚಾದ ಸ್ವರಲಿಪಿ ಹಾಡಲ್ಲ. ಹಾಡುವವನಿಗೆ ಕೊಟ್ಟ ಸೂಚನೆ. ಮಿಡಿಯೂ ಅಂಥ ಸೂಚನೆಯೇ. ವರ್ಕ್‌ಸ್ಟೇಷನ್ ನೆನಪಿಟ್ಟುಕೊಳ್ಳುವುದು ಈ ಸೂಚನೆಗಳನ್ನು. ಆದುದರಿಂದಲೇ ಒಮ್ಮೆ ಕೊಳಲಿನ ದನಿಯಲ್ಲಿ ನುಡಿಸಿದ್ದನ್ನು ಅನಂತರ ಪಿಟೀಲಿನ ದನಿಯಲ್ಲಿ ಕೇಳಬಹುದು. ಕಾಲವನ್ನು ಇಳಿಸಿದರೂ ಶ್ರುತಿ ಇಳಿಯುವುದಿಲ್ಲ.

ನಾದವು ಅಂಕಿಯಾಗುವ ಬಗೆ

ಹಾಗಾದರೆ ದನಿ ಎಲ್ಲಿಂದ ಬರುತ್ತದೆ? ಒಣಗಿದ ಕಾಯಿಯ ಸದ್ದನ್ನು ಕೇಳಿಯೇ ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೆ, ಇನ್ನೂ ನೀರು ಉಳಿದಿದೆಯೆ ಎಂದು ನಮ್ಮ ರೈತರು ಹೇಳಬಲ್ಲರು. ಅವರ ಕಿವಿ ಗುರುತಿಸುವುದು ಸದ್ದಿನ ಎತ್ತರವನ್ನಾಗಲಿ ಗಟ್ಟಿತನವನ್ನಾಗಲಿ ಅಲ್ಲ, ಅದರ ಗುಣವನ್ನು. ಒಂದೇ ಷಡ್ಜವನ್ನು ಕೊಳಲೂ ವೀಣೆಯೂ ನುಡಿಸಿದಾಗ ಯಾವುದು ಕೊಳಲು, ಯಾವುದು ವೀಣೆ ಎಂದು ನಾವು ತಿಳಿಯುವುದೂ ಈ ನಾದಗುಣದಿಂದಲೇ. ಮೂಲ ಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಾಂಕವುಳ್ಳ ಉಪಸ್ವರಗಳೂ ಹೊರಡುತ್ತವೆ. (ಒಂದು ಸೆಕೆಂಡಿನಲ್ಲಿ ಆಗುವ ಕಂಪನಗಳ ಸಂಖ್ಯೆಯೇ ಕಂಪನಾಂಕ.) ಯಾವ ಉಪಸ್ವರ ಎಷ್ಟು ಪ್ರಬಲ, ನಾದ ಹುಟ್ಟುವಾಗ ಹೇಗೆ ಏರುತ್ತದೆ, ಹೇಗೆ ಅಡಗುತ್ತದೆ ಎಂಬುದರ ಮೇಲೆ ನಾದಗುಣ ನಿಂತಿದೆ.

ಇವೆಲ್ಲವನ್ನೂ ಲೆಕ್ಕದಿಂದಲೇ ಹುಟ್ಟಿಸುವ ಮಾರ್ಗ ಒಂದುಂಟು. ಒಂದು ಕಂಪನದ ಕಂಪನಾಂಕವನ್ನು ಇನ್ನೊಂದು ಕಂಪನದಿಂದ ಅತಿ ವೇಗವಾಗಿ ಏರಿಳಿಸಿದರೆ ಸಮೃದ್ಧವಾದ ಉಪಸ್ವರಗಳು ಹುಟ್ಟುತ್ತವೆಂಬುದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡರು. 1983ರಲ್ಲಿ ಬಂದ ಯಮಾಹಾ ಡಿಎಕ್ಸ್-7 ಎಂಬ ವಾದ್ಯ ನುಡಿಯುತ್ತಿದ್ದುದು ಈ ತತ್ತ್ವದಿಂದ. ಇನ್ನೊಂದು ಮಾರ್ಗ, ನಿಜವಾದ ವಾದ್ಯದ ದನಿಯನ್ನು ಅಳೆದು ಅಂಕಿಗಳಾಗಿ ಶೇಖರಿಸಿಡುವುದು. ಇಂದಿನ ವರ್ಕ್‌ಸ್ಟೇಷನ್‌ಗಳು ಹೆಚ್ಚಾಗಿ ಅವಲಂಬಿಸಿರುವುದು ಇದನ್ನು.

ದನಿಯೆಂದರೆ ಗಾಳಿಯ ಒತ್ತಡದ ಏರಿಳಿತ. ಆ ಒತ್ತಡವನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಟ್ಟರೆ ಆ ದನಿಯನ್ನು ಮತ್ತೆ ಹುಟ್ಟಿಸಬಹುದು. ಇಷ್ಟು ಸಲವೇ ಏಕೆ? ಮನುಷ್ಯನ ಕಿವಿಗೆ ಕೇಳುವ ಅತ್ಯಧಿಕ ಕಂಪನಾಂಕ ಸುಮಾರು 20,000. ಒಂದು ಕಂಪನವನ್ನು ಸರಿಯಾಗಿ ಹಿಡಿಯಬೇಕಾದರೆ ಅದರ ಕಂಪನಾಂಕದ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕೆಂಬ ತತ್ತ್ವಕ್ಕೆ 1928ರಲ್ಲಿ ನೈಕ್ವಿಸ್ಟ್ ತಳಹದಿ ಹಾಕಿದರು. 1949ರಲ್ಲಿ ಷ್ಯಾನನ್ ಅದನ್ನು ಸ್ಪಷ್ಟವಾಗಿ ನಿರೂಪಿಸಿದರು. ಪ್ರತಿಯೊಂದು ಅಳತೆಯನ್ನೂ ಎರಡು ಬೈಟುಗಳಲ್ಲಿ, ಎಂದರೆ 65,536 ಮಟ್ಟಗಳಲ್ಲಿ ಒಂದಾಗಿ, ಬರೆದರೆ ಒಂದು ಸೆಕೆಂಡಿನ ದನಿಗೆ 88,200 ಬೈಟುಗಳ ಜಾಗ ಬೇಕು. 61 ಮನೆಗಳಿಗೂ ಹತ್ತು ಹತ್ತು ಸೆಕೆಂಡಿನ ದನಿಯನ್ನು ನಾಲ್ಕು ಮಟ್ಟದ ಗಟ್ಟಿತನದಲ್ಲಿ ಶೇಖರಿಸುವುದಾದರೆ ಒಂದೇ ವಾದ್ಯಕ್ಕೆ 21 ಕೋಟಿಗೂ ಹೆಚ್ಚು ಬೈಟುಗಳಾಗುತ್ತವೆ.

ಈ ಖರ್ಚನ್ನು ತಗ್ಗಿಸಲು ತಯಾರಕರು ಕೆಲವು ಮನೆಗಳ ದನಿಯನ್ನು ಮಾತ್ರ ಶೇಖರಿಸಿ, ಅದನ್ನೇ ಬೇಗನೆ ಅಥವಾ ನಿಧಾನವಾಗಿ ಓದಿಸಿ ನೆರೆಮನೆಗಳ ಸ್ವರಗಳನ್ನು ಹುಟ್ಟಿಸುವುದುಂಟು. ಒಂದೆರಡು ಮನೆಗಳ ದೂರಕ್ಕೆ ಇದರಿಂದ ಬಾಧಕವಿಲ್ಲ. ಬಹಳ ದೂರ ಎಳೆದರೆ ಮೋಸ ಬಯಲಾಗುತ್ತದೆ. ಗಾಯಕನು ಮೇಲಿನ ಸ್ಥಾಯಿಗೆ ಏರಿದಾಗ ಅವನ ಗಂಟಲಿನ ತಂತುಗಳ ಕಂಪನ ಹೆಚ್ಚುತ್ತದೆಯೇ ಹೊರತು ಬಾಯಿಯ ಕುಹರ ಅರ್ಧದಷ್ಟಾಗುವುದಿಲ್ಲ. ಯಂತ್ರವಾದರೋ ಕುಹರದ ಅನುರಣನವನ್ನೂ ಸೇರಿಸಿ ಏರಿಸಿಬಿಡುತ್ತದೆ. ಆಗ ಭೀಮನ ಪಾತ್ರಧಾರಿಯ ಕಂಠವೂ ಕೂಸಿನ ಕಂಠದಂತೆ ಕೇಳುತ್ತದೆ.

ಒಂದೇ ಏಟಿನ ಮೃದಂಗ

ವಾದ್ಯದ ಪಟ್ಟಿಯಲ್ಲಿ ಮೃದಂಗವೂ ಇತ್ತು. ಮೊದಲ ಏಟಿಗೆ ಅದು ನಿಜವಾದ ಮೃದಂಗವೇ ಎನಿಸಿತು. ಹತ್ತನೆಯ ಏಟಿಗೆ ಹಾಗೆನಿಸಲಿಲ್ಲ. ಕಾರಣ ಸರಳವಾದುದು. ವಿದ್ವಾಂಸನ ಎರಡು ಏಟುಗಳು ಎಂದಿಗೂ ಪೂರ್ಣವಾಗಿ ಒಂದೇ ಆಗಿರುವುದಿಲ್ಲ. ಯಂತ್ರದಲ್ಲಿ ಅದೇ ಅಂಕಿಗಳ ಸಾಲು ಮತ್ತೆ ಮತ್ತೆ ಬರುತ್ತದೆ. ಒಂದೇ ಏಟಿಗೆ ಹಲವು ಮಾದರಿಗಳನ್ನು ಶೇಖರಿಸಿ, ಸರದಿಯಂತೆ ನುಡಿಸುವ ಉಪಾಯ ಕೆಲವು ಯಂತ್ರಗಳಲ್ಲಿದೆ. ಅದರಿಂದ ದೋಷ ಕಡಿಮೆಯಾಗುತ್ತದೆ.

ಮೃದಂಗದ ದನಿ ಎಷ್ಟು ವಿಶಿಷ್ಟವಾದುದೆಂಬುದನ್ನು ಲೋಕಕ್ಕೆ ತಿಳಿಸಿದವರು ಸಿ. ವಿ. ರಾಮನ್. ಸಾಮಾನ್ಯವಾದ ದುಂಡು ಚರ್ಮವನ್ನು ಬಡಿದರೆ ಹುಟ್ಟುವ ಕಂಪನಾಂಕಗಳು 1, 1.59, 2.14, 2.30 ಎಂಬ ಅನುಪಾತದಲ್ಲಿರುತ್ತವೆ. ಇವು ಪೂರ್ಣಾಂಕಗಳಲ್ಲದ ಕಾರಣ ಅಂಥ ಸದ್ದಿನಲ್ಲಿ ಸ್ವರ ನಿಲ್ಲುವುದಿಲ್ಲ. ಮೃದಂಗದ ಬಲಮುಖಕ್ಕೆ ಹಚ್ಚಿದ ಕಪ್ಪು ಕರಣೆಯ ಭಾರದಿಂದ ಈ ಅನುಪಾತಗಳು ಪೂರ್ಣಾಂಕಗಳಿಗೆ ಹೊಂದಿಕೊಳ್ಳುತ್ತವೆಂದು ರಾಮನ್ ಮತ್ತು ಶಿವಕಾಳಿ ಕುಮಾರ್ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಂಗಳೂರಿಗೆ ಬಂದ ಬಳಿಕ, 1934ರಲ್ಲಿ, ರಾಮನ್ ಇದನ್ನು ವಿಸ್ತರಿಸಿ ಬರೆದರು. ನಮ್ಮ ಪೂರ್ವಿಕರು ಯಾವ ಸಮೀಕರಣವೂ ಇಲ್ಲದೆ, ಕಿವಿಯನ್ನೇ ಉಪಕರಣವನ್ನಾಗಿ ಮಾಡಿಕೊಂಡು ಪೂರ್ಣಾಂಕಗಳನ್ನು ಹುಡುಕಿದರೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮುಂದಿನ ಮಾತಿಗೆ ಇದೇ ಪೀಠಿಕೆ.

ಗಾಂಧಾರದ ಪ್ರಶ್ನೆ

ತಂಬೂರಿಯ ಷಡ್ಜದ ತಂತಿಯನ್ನು ಮೀಟಿ, ಕಿವಿಗೊಟ್ಟು ಕೇಳಿದರೆ ಅದರೊಳಗೆ ಮೆಲ್ಲನೆ ಗಾಂಧಾರವೊಂದು ಮೂಡಿಬರುತ್ತದೆ. ಇದಕ್ಕೆ ಸ್ವಯಂಭೂ ಗಾಂಧಾರವೆಂದು ಹೆಸರು. ಯಾರೂ ನುಡಿಸದೆ ಇದು ಹುಟ್ಟುವುದು ಹೇಗೆ? ಲೆಕ್ಕದ ಸೌಕರ್ಯಕ್ಕಾಗಿ ಷಡ್ಜದ ಕಂಪನಾಂಕ 240 ಎಂದಿಟ್ಟುಕೊಳ್ಳೋಣ. ಅದರ ಐದನೆಯ ಕಂಪನ 1200. ಇದನ್ನು ಎರಡು ಸ್ಥಾಯಿ ಕೆಳಗಿಳಿಸಿದರೆ, ಎಂದರೆ ನಾಲ್ಕರಿಂದ ಭಾಗಿಸಿದರೆ, 300 ಬರುತ್ತದೆ. ಷಡ್ಜಕ್ಕೆ ಇದರ ಅನುಪಾತ 5/4. ಇದೇ ಸ್ವಾಭಾವಿಕ ಅಂತರಗಾಂಧಾರ.

ಕೀಬೋರ್ಡು ಕಾರ್ಖಾನೆಯಿಂದ ಬರುವಾಗ ಅದರ ಸ್ವರಗಳು ಬೇರೆ ನಿಯಮದಂತೆ ಕೂಡಿಸಲ್ಪಟ್ಟಿರುತ್ತವೆ. ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲುಗಳಾಗಿ ವಿಭಾಗಿಸಿ, ಪ್ರತಿ ಮನೆಯ ಕಂಪನಾಂಕವೂ ಹಿಂದಿನದರ 1.0595ರಷ್ಟು ಇರುವಂತೆ ಮಾಡಿರುತ್ತಾರೆ. ಈ ಸಂಖ್ಯೆಯನ್ನು ಹನ್ನೆರಡು ಸಲ ಗುಣಿಸಿದರೆ 2 ಬರುತ್ತದೆ. ಷಡ್ಜದಿಂದ ನಾಲ್ಕು ಮನೆ ಮೇಲಿರುವ ಗಾಂಧಾರಕ್ಕೆ ಈ ಲೆಕ್ಕದಲ್ಲಿ 302.4 ಕಂಪನಗಳಾಗುತ್ತವೆ. ಬೇಕಾದುದು 300, ಬಂದುದು 302.4.

2.4 ಕಂಪನದಷ್ಟರ ಈ ವ್ಯತ್ಯಾಸ ಯಾರ ಕಿವಿಗೆ ಬೀಳುತ್ತದೆ ಎಂದು ವಾಚಕರು ಕೇಳಬಹುದು. ಕೀಬೋರ್ಡಿನ ಗಾಂಧಾರವೊಂದನ್ನೇ ಕೇಳಿದರೆ ಬಹಳ ಮಂದಿಗೆ ತಿಳಿಯಲಾರದು. ತಂಬೂರಿಯೊಡನೆ ಕೇಳಿದಾಗ ಸ್ಥಿತಿ ಬೇರೆ. ತಂಬೂರಿಯ ಷಡ್ಜದ ಐದನೆಯ ಕಂಪನ 1200. ಕೀಬೋರ್ಡಿನ ಗಾಂಧಾರದ ನಾಲ್ಕನೆಯ ಕಂಪನ 1209.5. ಸಮೀಪದ ಎರಡು ಕಂಪನಾಂಕಗಳು ಕೂಡಿದಾಗ ಅವುಗಳ ವ್ಯತ್ಯಾಸದಷ್ಟು ಸಲ ದನಿ ಏರಿ ಇಳಿಯುತ್ತದೆ, ಇವೇ ವಿಸ್ಪಂದನಗಳು. ಇಲ್ಲಿ ಸೆಕೆಂಡಿಗೆ ಒಂಬತ್ತೂವರೆ ಸಲ ನಾದ ನಡುಗುತ್ತದೆ. ಹಾಡುವವನು ತನ್ನ ಗಾಂಧಾರವನ್ನು ತಂಬೂರಿಗೆ ಸೇರಿಸಬೇಕೊ, ಕೀಬೋರ್ಡಿಗೆ ಸೇರಿಸಬೇಕೊ? ಎರಡಕ್ಕೂ ಸೇರಿಸುವುದು ಅಸಾಧ್ಯ.

ಸಮವಿಭಾಗ ಏಕೆ?

ಹಾಗಾದರೆ ಇಂಥ ಸಮವಿಭಾಗವನ್ನು ಲೋಕ ಏಕೆ ಒಪ್ಪಿತು? ಇದು ಅಜ್ಞಾನದಿಂದ ಆದ ಕೆಲಸವಲ್ಲ. ಸ್ವಾಭಾವಿಕ ಅನುಪಾತಗಳಂತೆ ಒಂದು ವಾದ್ಯವನ್ನು ಕೂಡಿಸಿದೆವೆನ್ನೋಣ. ಷಡ್ಜ 240, ಋಷಭ 270, ಧೈವತ 400 ಆಗುತ್ತವೆ. ಇನ್ನೊಬ್ಬ ಪಾತ್ರಧಾರಿ ಬಂದು, ತನಗೆ ಎರಡು ಮನೆ ಮೇಲಿನ ಶ್ರುತಿ ಬೇಕೆನ್ನುತ್ತಾನೆ. ಆಗ 270 ಅವನ ಷಡ್ಜ. ಅವನಿಗೆ ಬೇಕಾದ ಪಂಚಮ 270ರ ಒಂದೂವರೆಯಷ್ಟು, ಎಂದರೆ 405. ವಾದ್ಯದಲ್ಲಿ ಆ ಸ್ಥಾನದಲ್ಲಿರುವುದು 400. ಪಂಚಮವೇ ಕೆಟ್ಟಮೇಲೆ ಹಾಡುವುದು ಹೇಗೆ? ಸಮವಿಭಾಗದಲ್ಲಾದರೋ ಯಾವ ಮನೆಯನ್ನು ಷಡ್ಜವೆಂದು ಹಿಡಿದರೂ ಪಂಚಮ ಬಹುಮಟ್ಟಿಗೆ ಸರಿಯಾಗಿರುತ್ತದೆ. 240ರ ಷಡ್ಜಕ್ಕೆ 360ರ ಬದಲು 359.6. ಎಲ್ಲ ಶ್ರುತಿಗಳಿಗೂ ಸಲ್ಲುವಂತೆ ಎಲ್ಲ ಸ್ವರಗಳನ್ನೂ ಸ್ವಲ್ಪ ಸ್ವಲ್ಪ ಕೆಡಿಸುವ ಒಪ್ಪಂದ ಇದು. ಚೀನ ದೇಶದ ರಾಜಕುಮಾರ ಝೂ ಝೈಯು 1584ರಷ್ಟು ಹಿಂದೆಯೇ ಇದರ ಲೆಕ್ಕವನ್ನು ಮಾಡಿದ್ದನು.

ಈ ಒಪ್ಪಂದದ ದೋಷವನ್ನು ನಮ್ಮ ಸಂಗೀತಗಾರರು ಬಹುಕಾಲದಿಂದ ಬಲ್ಲರು. 1940ರಲ್ಲಿ ಅಖಿಲ ಭಾರತ ರೇಡಿಯೋ ಹಾರ್ಮೋನಿಯಮ್ಮನ್ನು ತನ್ನ ಕಾರ್ಯಕ್ರಮಗಳಿಂದ ನಿಷೇಧಿಸಿದಾಗ ಮುಂದಿಟ್ಟ ಆಕ್ಷೇಪಗಳಲ್ಲಿ ಸ್ವರಸ್ಥಾನದ ದೋಷ ಮತ್ತು ಗಮಕದ ಅಭಾವ ಮುಖ್ಯವಾದವು. ಆ ನಿಷೇಧ ಸಡಿಲವಾಗತೊಡಗಿದ್ದು 1971ರಲ್ಲಿ. ಈ ನಡುವೆ ಹಾರ್ಮೋನಿಯಂ ವಿದ್ವಾಂಸರು ಸುಮ್ಮನೆ ಕುಳಿತಿರಲಿಲ್ಲ. ರೀಡಿನ ತುದಿಯನ್ನು ಸ್ವಲ್ಪ ಹೆರೆದರೆ ನಡುಗುವ ಭಾಗದ ಭಾರ ಕಡಿಮೆಯಾಗಿ ಕಂಪನಾಂಕ ಏರುತ್ತದೆ. ಬುಡವನ್ನು ಹೆರೆದರೆ ಬಿಗಿ ಕಡಿಮೆಯಾಗಿ ಕಂಪನಾಂಕ ಇಳಿಯುತ್ತದೆ. ಹೀಗೆ ಒಂದೊಂದು ರೀಡನ್ನೂ ಹೆರೆದು, ತಮ್ಮ ಷಡ್ಜಕ್ಕೆ ತಕ್ಕಂತೆ ವಾದ್ಯವನ್ನು ತಿದ್ದಿಕೊಳ್ಳುವವರು ಇದ್ದರು, ಈಗಲೂ ಇದ್ದಾರೆ. ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆಯವರಂಥವರ (1917–2010) ಕೈಯಲ್ಲಿ ಆ ವಾದ್ಯ ಏರಿದ ಎತ್ತರವನ್ನು ನಾಡು ಬಲ್ಲದು. ಆದರೆ ಹೆರೆದ ಹಿತ್ತಾಳೆ ಮತ್ತೆ ಬೆಳೆಯುವುದಿಲ್ಲ. ಒಂದು ಷಡ್ಜಕ್ಕೆ ತಿದ್ದಿದ ವಾದ್ಯ ಇನ್ನೊಂದಕ್ಕೆ ಒದಗುವುದಿಲ್ಲ. ನಾಲ್ಕು ಶ್ರುತಿಯ ಪಾತ್ರಧಾರಿಗಳಿರುವ ನಾಟಕದ ಮೇಷ್ಟ್ರಿಗೆ ಇದು ಸಾಧ್ಯವಾದ ದಾರಿಯಲ್ಲ.

ಹೊಸ ವಾದ್ಯ ತೆರೆದ ದಾರಿ

ಇಲ್ಲಿಯೇ ಕೀಬೋರ್ಡು ಹಾರ್ಮೋನಿಯಮ್ಮಿಗಿಂತ ಬೇರೆಯಾಗುತ್ತದೆ. ಅದರ ಸ್ವರ ಹಿತ್ತಾಳೆಯಲ್ಲಿ ಇಲ್ಲ, ಒಂದು ಅಂಕಿಯಲ್ಲಿದೆ. ಅಂಕಿಯನ್ನು ತಿದ್ದಬಹುದು, ತಿದ್ದಿದ್ದನ್ನು ಅಳಿಸಬಹುದು, ಬೇರೆ ಷಡ್ಜಕ್ಕೆ ಬೇರೆ ಅಂಕಿಗಳನ್ನು ಶೇಖರಿಸಿಡಬಹುದು. ಹಲವು ವರ್ಕ್‌ಸ್ಟೇಷನ್‌ಗಳಲ್ಲಿ ‘ಸ್ಕೇಲ್ ಟ್ಯೂನಿಂಗ್’ ಎಂಬ ಅಥವಾ ಅದಕ್ಕೆ ಸಮಾನವಾದ ಏರ್ಪಾಡು ಇರುತ್ತದೆ. ಅರಬ್ಬೀ ಸಂಗೀತದಂತೆ ಸಮವಿಭಾಗಕ್ಕೆ ಒಗ್ಗದ ಪದ್ಧತಿಗಳಿಗೆ ಇದು ಬಹಳ ಉಪಯುಕ್ತ. ನಾವು ಪರೀಕ್ಷಿಸಿದ ವಾದ್ಯದಲ್ಲಿಯೂ ಅದು ಇತ್ತು. ಪರದೆಯ ಪಟ್ಟಿಯಲ್ಲಿ ಬಹಳ ಕೆಳಗೆ ಇದ್ದುದರಿಂದ ಹುಡುಕಬೇಕಾಯಿತು.

ಇದರಲ್ಲಿ ತಿದ್ದುವ ಅಳತೆಗೆ ಸೆಂಟ್ ಎಂದು ಹೆಸರು. ರೂಪಾಯಿಗೆ ನೂರು ಪೈಸೆಯಿರುವಂತೆ, ಒಂದು ಮನೆಯಿಂದ ಮುಂದಿನ ಮನೆಗೆ ನೂರು ಸೆಂಟುಗಳು. ಒಂದು ಸ್ಥಾಯಿಗೆ 1200. ಧೀರಶಂಕರಾಭರಣದ ಸ್ವರಗಳಿಗೆ ಷಡ್ಜ 240 ಎಂದು ಹಿಡಿದು ಮಾಡಿದ ಲೆಕ್ಕ ಹೀಗಿದೆ. ಮೊದಲು ಅನುಪಾತ, ಅನಂತರ ಸ್ವಾಭಾವಿಕ ಕಂಪನಾಂಕ, ಕೀಬೋರ್ಡಿನ ಕಂಪನಾಂಕ, ಕೊನೆಗೆ ಮಾಡಬೇಕಾದ ತಿದ್ದುಪಡಿ.

ಚತುಃಶ್ರುತಿ ಋಷಭ: 9/8, 270, 269.4, 4 ಸೆಂಟು ಏರಿಸಬೇಕು.
ಅಂತರಗಾಂಧಾರ: 5/4; 300; 302.4, 14 ಸೆಂಟು ಇಳಿಸಬೇಕು.
ಶುದ್ಧ ಮಧ್ಯಮ: 4/3, 320, 320.4, 2 ಸೆಂಟು ಇಳಿಸಬೇಕು.
ಪಂಚಮ: 3/2, 360, 359.6, 2 ಸೆಂಟು ಏರಿಸಬೇಕು.
ಚತುಃಶ್ರುತಿ ಧೈವತ: 5/3, 400, 403.6, 16 ಸೆಂಟು ಇಳಿಸಬೇಕು.
ಕಾಕಲಿ ನಿಷಾದ: 15/8, 450, 453.1, 12 ಸೆಂಟು ಇಳಿಸಬೇಕು.

ಪಂಚಮ, ಮಧ್ಯಮಗಳಲ್ಲಿ ತಪ್ಪು ನಗಣ್ಯವೆಂದೂ, ಗಾಂಧಾರ, ಧೈವತ, ನಿಷಾದಗಳಲ್ಲಿ ಗಣನೀಯವೆಂದೂ ಈ ಪಟ್ಟಿಯಿಂದ ತಿಳಿಯುತ್ತದೆ. ಧೈವತಕ್ಕೆ 5/3ರ ಬದಲು 27/16 ಎಂಬ ಅನುಪಾತವನ್ನು ಹೇಳುವವರೂ ಉಂಟು. ಅಂಥ ಕಡೆ ಕೊನೆಯ ತೀರ್ಪು ಕಿವಿಯದೇ.

ಪರೀಕ್ಷೆಯನ್ನು ಹೀಗೆ ನಡೆಸಿದೆವು. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯ ಭಾಗದಲ್ಲಿ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿದ ಬಳಿಕ ಅಂಥ ಸಾಧನಗಳು ನಮ್ಮ ಸಂಗೀತಗಾರರ ಮನೆಮನೆಗೂ ಬಂದಿವೆ. ಮೇಷ್ಟ್ರ ಬಳಿ ಇದ್ದ ವಿದ್ಯುನ್ಮಾನ ತಂಬೂರಿಯನ್ನು ಹಚ್ಚಿ, ಅದರ ಷಡ್ಜವನ್ನು ಕೀಬೋರ್ಡಿನ ಷಡ್ಜಕ್ಕೆ ಸೇರಿಸಿ, ಗಾಂಧಾರವನ್ನು ಒತ್ತಿ ಹಿಡಿದೆವು. ದನಿ ಬೇಗಬೇಗನೆ ನಡುಗುತ್ತಿತ್ತು. ಒಂದೊಂದೇ ಸೆಂಟು ಇಳಿಸುತ್ತ ಬಂದಂತೆ ನಡುಕ ನಿಧಾನವಾಗುತ್ತ, 14ರ ಬಳಿ ಬಹುಮಟ್ಟಿಗೆ ನಿಂತುಹೋಯಿತು. “ಈಗ ತಂಬೂರಿಗೆ ಅಂಟಿಕೊಂಡಿತು ನೋಡಿ, ಸಾರ್” ಎಂದು ಮೇಷ್ಟ್ರು ಹೇಳಿದರು. ಅವರು ನೋಡುತ್ತಿದ್ದುದು ಪರದೆಯನ್ನಲ್ಲ; ಕಣ್ಣು ಮುಚ್ಚಿ ಕುಳಿತಿದ್ದರು.

ಗಮಕದ ಚಕ್ರ

ಇಷ್ಟರಿಂದಲೇ ನಮ್ಮ ಸಂಗೀತ ಕೀಬೋರ್ಡಿನೊಳಗೆ ಬಂದುಬಿಟ್ಟಿತೆಂದು ತಿಳಿಯಬಾರದು. ಸ್ವಾಭಾವಿಕ ಅನುಪಾತದ ಮಾತು ದೀರ್ಘವಾಗಿ ನಿಂತ ಸ್ವರಕ್ಕೆ ಮಾತ್ರ ಅನ್ವಯಿಸುತ್ತದೆ. ತೋಡಿಯ ಗಾಂಧಾರ ನಿಲ್ಲುವುದೇ ಇಲ್ಲ, ಅದು ಓಲಾಡುತ್ತದೆ. ವೈಣಿಕನು ತಂತಿಯನ್ನು ಪಕ್ಕಕ್ಕೆ ಎಳೆದು ಅದರ ಬಿಗಿಯನ್ನು ಹೆಚ್ಚಿಸಿ ಇದನ್ನು ಸಾಧಿಸುತ್ತಾನೆ. ಕಂಪನಾಂಕವು ಬಿಗಿಯ ವರ್ಗಮೂಲದಂತೆ ಏರುವುದರಿಂದ, ಸ್ವರವನ್ನು 9/8ರಷ್ಟು ಏರಿಸಲು ಬಿಗಿಯನ್ನು 81/64ರಷ್ಟು, ಎಂದರೆ ಶೇಕಡ 27ರಷ್ಟು ಹೆಚ್ಚಿಸಬೇಕು. ವೈಣಿಕನ ಬೆರಳು ಕಾಯಿಗಟ್ಟುವುದು ಸುಮ್ಮನೆ ಅಲ್ಲ.

ಕೀಬೋರ್ಡಿನಲ್ಲಿ ಈ ಕೆಲಸಕ್ಕೆ ಎಡಗೈಯ ಚಕ್ರವಿದೆ. ಅದನ್ನು ತಿರುಗಿಸಿದರೆ ಸ್ವರ ಜಾರುತ್ತದೆ. ಸಾಮಾನ್ಯವಾಗಿ ಎರಡು ಮನೆ ಮೇಲಕ್ಕೂ ಎರಡು ಮನೆ ಕೆಳಕ್ಕೂ ಅದರ ವ್ಯಾಪ್ತಿ. ಈ 400 ಸೆಂಟುಗಳನ್ನು ಮಿಡಿಯ ಭಾಷೆಯಲ್ಲಿ 16,384 ಹೆಜ್ಜೆಗಳಾಗಿ ಹೇಳಬಹುದು. ಒಂದು ಹೆಜ್ಜೆಯೆಂದರೆ ಒಂದು ಸೆಂಟಿನ ಸುಮಾರು ನಲವತ್ತನೆಯ ಒಂದು ಭಾಗ. ಅಭ್ಯಾಸವಾದ ಕಿವಿ ಗುರುತಿಸುವುದು ಐದಾರು ಸೆಂಟುಗಳ ವ್ಯತ್ಯಾಸವನ್ನು. ಆದುದರಿಂದ ಸೂಕ್ಷ್ಮತೆಗೆ ಕೊರತೆಯಿಲ್ಲ. ಬೇಕಾದುದು ಕೈಯ ಸಾಧನೆ. ತಿದಿಯಿಂದ ಬಿಡುಗಡೆ ಪಡೆದ ಎಡಗೈಗೆ ತಕ್ಕ ಕೆಲಸ ಇದು.

ಒಂದು ಎಚ್ಚರಿಕೆ ಅಗತ್ಯ. ಚಕ್ರವು ಒಂದು ವಾಹಿನಿಯಲ್ಲಿ ನುಡಿಯುತ್ತಿರುವ ಎಲ್ಲ ಸ್ವರಗಳನ್ನೂ ಒಟ್ಟಿಗೆ ಜಾರಿಸುತ್ತದೆ. ಷಡ್ಜವನ್ನು ಒತ್ತಿ ಹಿಡಿದು ಗಾಂಧಾರವನ್ನು ಓಲಾಡಿಸಿದರೆ ಷಡ್ಜವೂ ಓಲಾಡುತ್ತದೆ. ಶ್ರುತಿಯೇ ಕುಸಿದಂತೆ ಕೇಳುತ್ತದೆ. ವರ್ಕ್‌ಸ್ಟೇಷನ್ನಿನಲ್ಲಿ ಹಲವು ವಾಹಿನಿಗಳಿರುವುದರಿಂದ ಶ್ರುತಿಯನ್ನು ಒಂದರಲ್ಲಿ, ಹಾಡನ್ನು ಇನ್ನೊಂದರಲ್ಲಿ ಇಟ್ಟುಕೊಳ್ಳಬೇಕು.

ಯಾರು ಯಾರಿಗೆ ಶ್ರುತಿಗೂಡಬೇಕು?

ಒಂದು ಊರಿನ ಯುವಕರು ‘ಕುರುಕ್ಷೇತ್ರ’ ನಾಟಕವನ್ನು ಕಲಿಯಲು ಹೊರಟರೆಂದರೆ ತಿಂಗಳುಗಟ್ಟಲೆ ಪ್ರತಿರಾತ್ರಿಯೂ ಅಭ್ಯಾಸ ನಡೆಯುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಸಂಗೀತದ ಪಾಠ ಬೇರೆಲ್ಲಿಯೂ ಆಗಿರುವುದಿಲ್ಲ. ಧ್ವನಿವರ್ಧಕದ ಮೂಲಕ ಬರುವ ವಾದ್ಯದ ದನಿ ಕಂಠದ ದನಿಗಿಂತ ಪ್ರಬಲವಾಗಿರುತ್ತದೆ. ಕಂಠವು ಅದನ್ನು ಅನುಸರಿಸಲೇಬೇಕು. ಹೀಗಿರುವಾಗ ಕಾರ್ಖಾನೆಯ ಗಾಂಧಾರವೇ ಇಡೀ ಸೀಮೆಯ ಗಾಂಧಾರವಾಗುವುದಕ್ಕೆ ಬಹುಕಾಲ ಬೇಡ. ಹಾರ್ಮೋನಿಯಮ್ಮಿನ ಕಾಲದಲ್ಲಿಯೂ ಈ ಅಪಾಯವಿತ್ತು. ಅದಕ್ಕೆ ಸುಲಭವಾದ ಪರಿಹಾರವಿರಲಿಲ್ಲ. ಈಗ ಪರಿಹಾರ ವಾದ್ಯದೊಳಗೇ ಇದೆ. ಅದನ್ನು ತೆರೆದು ನೋಡದಿದ್ದರೆ ಆ ಲೋಪ ಯಂತ್ರದ್ದೆನ್ನಲಾಗದು.

ಅನುಪಾತ, ಉಪಸ್ವರ, ವಿಸ್ಪಂದನಗಳನ್ನು ಪರೀಕ್ಷೆಗಾಗಿ ಓದುವ ವಿದ್ಯಾರ್ಥಿಗಳು ನಮ್ಮ ಊರುಗಳಲ್ಲಿಯೇ ಇದ್ದಾರೆ. ಕಿವಿಯಿಂದಲೇ ಸರಿತಪ್ಪುಗಳನ್ನು ತೂಗಬಲ್ಲ ಮೇಷ್ಟ್ರುಗಳೂ ಅದೇ ಊರುಗಳಲ್ಲಿದ್ದಾರೆ. ಒಬ್ಬರಲ್ಲಿ ಲೆಕ್ಕವಿದೆ, ಇನ್ನೊಬ್ಬರಲ್ಲಿ ಕಿವಿಯಿದೆ. ಇಬ್ಬರೂ ಒಂದು ಸಂಜೆ ಕೀಬೋರ್ಡಿನ ಮುಂದೆ ಕುಳಿತರೆ ಸಾಕು, ಮೇಲಿನ ಪಟ್ಟಿಯನ್ನು ವಾದ್ಯಕ್ಕೆ ಇಳಿಸಬಹುದು. ಒಂದೊಂದು ಪಾತ್ರದ ಶ್ರುತಿಗೂ ಒಂದೊಂದು ಪಟ್ಟಿಯನ್ನು ಶೇಖರಿಸಿಟ್ಟರೆ, ಕೃಷ್ಣ ಹೋಗಿ ಕರ್ಣ ಬಂದಾಗ ಒಂದು ಗುಂಡಿಯನ್ನು ಒತ್ತುವುದಷ್ಟೇ ಕೆಲಸ.

ಗಾಂಧಾರದ ವಿಸ್ಪಂದನವನ್ನು ಮೇಲೆ ಲೆಕ್ಕ ಹಾಕಿ ತೋರಿಸಿದೆ. ಧೈವತದ ಲೆಕ್ಕವನ್ನು ವಾಚಕರೇ ಮಾಡಿ ನೋಡಲಿ. ತಂಬೂರಿಯ ಷಡ್ಜದ ಐದನೆಯ ಕಂಪನವನ್ನೂ ಕೀಬೋರ್ಡಿನ ಧೈವತದ ಮೂರನೆಯ ಕಂಪನವನ್ನೂ ಹೋಲಿಸಬೇಕು. ಉತ್ತರ ಸೆಕೆಂಡಿಗೆ ಸುಮಾರು ಹನ್ನೊಂದು ಬಂದರೆ ಲೆಕ್ಕ ಸರಿ. ಆ ಹನ್ನೊಂದು ಕಿವಿಗೂ ಕೇಳಿಸಿದರೆ ಪಾಠ ಪೂರ್ಣವಾಯಿತು.